ಗೋಡೌನ್‌ಗೆ ಡಬ್ಲ್ಯೂಎಂಎಸ್ ಬರ್ತಿದೆ, ನಮ್ಮ ಮ್ಯಾನೇಜರ್‌ಗಳಿಗೆ ಏನು ಕಲಿಸೋದು, ಎಲ್ಲಿಂದ ಶುರು ಮಾಡೋದು?

ದಾಬಸ್‌ಪೇಟೆ ಡಾಕ್:

ಎಲ್ಲರಿಗೂ ನಮಸ್ಕಾರ. ನಾನು ದಾಬಸ್‌ಪೇಟೆ ಕಡೆ ಒಂದು ತ್ರೀಪಿಎಲ್ (ಬೇರೆ ಕಂಪನಿಗಳ ಮಾಲು ಇಟ್ಟು ಕಳಿಸಿಕೊಡೋ) ಗೋಡೌನ್‌ನಲ್ಲಿ ಆಪರೇಷನ್ಸ್ ನೋಡ್ಕೊಳ್ತೀನಿ. ಸೋಪು, ಬಿಸ್ಕತ್ತು, ಅಡುಗೆ ಎಣ್ಣೆ, ಹೀಗೆ ಬೇರೆ ಬೇರೆ ಕಂಪನಿ ಮಾಲು ಒಂದೇ ಶೆಡ್‌ನಲ್ಲಿ ಇರುತ್ತೆ, ಇಲ್ಲಿಂದ ತುಮಕೂರು, ಹಾಸನ, ಚಿತ್ರದುರ್ಗ, ಶಿವಮೊಗ್ಗ ಕಡೆ ಡಿಸ್ಟ್ರಿಬ್ಯೂಟರ್‌ಗಳಿಗೆ ಹೋಗುತ್ತೆ. ಇಷ್ಟು ವರ್ಷ ಟ್ಯಾಲಿ, ಎಕ್ಸೆಲ್, ಪ್ರಿಂಟ್ ತೆಗೆದ ಪಿಕ್ ಲಿಸ್ಟು (ಆರ್ಡರ್‌ಗೆ ಯಾವ ಮಾಲು ತೆಗೀಬೇಕು ಅನ್ನೋ ಪಟ್ಟಿ), ಇದರಲ್ಲೇ ನಡೀತಿತ್ತು. ಈಗ ಮ್ಯಾನೇಜ್‌ಮೆಂಟ್‌ನವರು ಡಬ್ಲ್ಯೂಎಂಎಸ್, ಅಂದ್ರೆ ಯಾವ ಮಾಲು ಯಾವ ಜಾಗದಲ್ಲಿ ಎಷ್ಟಿದೆ ಅಂತ ಲೆಕ್ಕ ಇಡೋ ಗೋಡೌನ್ ಸಾಫ್ಟ್‌ವೇರ್ ತಗೊಂಡಿದ್ದಾರೆ, ಜೊತೆಗೆ ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್, ಗಾಡಿ ಟ್ರ್ಯಾಕಿಂಗ್, ಡ್ಯಾಶ್‌ಬೋರ್ಡು. ದೀಪಾವಳಿ ರಶ್ ಮುಗಿದ ಮೇಲೆ ಶುರು ಅಂತೆ. ಅಷ್ಟರೊಳಗೆ ಮ್ಯಾನೇಜರ್‌ಗಳನ್ನ ತಯಾರು ಮಾಡೋ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ನಮ್ಮಲ್ಲಿ ಎರಡು ಥರದವರಿದ್ದಾರೆ. ಒಂದು, ಲೋಡಿಂಗ್‌ನಿಂದ ಶುರು ಮಾಡಿ ಸೂಪರ್‌ವೈಸರ್ ಆಗಿ ಮೇಲೆ ಬಂದವರು. ಗಾಡಿ ಬಾಗಿಲು ತೆಗೆದ ತಕ್ಷಣ ಒಳಗೆ ಇನ್ನೆಷ್ಟು ಪೆಟ್ಟಿಗೆ ಹಿಡಿಯುತ್ತೆ ಅಂತ ನೋಡೇ ಹೇಳ್ತಾರೆ, ಯಾವ ಡಿಸ್ಟ್ರಿಬ್ಯೂಟರ್ ಯಾವ ವಾರ ಕಿರಿಕಿರಿ ಮಾಡ್ತಾನೆ ಅನ್ನೋದೂ ಗೊತ್ತು, ಆದ್ರೆ ಕಂಪ್ಯೂಟರ್ ಅಂದ್ರೆ ವಾಟ್ಸಾಪ್ ಮತ್ತು ಬೇರೆಯವರು ಮಾಡಿಕೊಟ್ಟ ಎಕ್ಸೆಲ್. ಇನ್ನೊಂದು, ಈಚೆಗೆ ಎಂಬಿಎ ಮುಗಿಸಿ ಸೇರಿದ ಹುಡುಗರು, ಚಾರ್ಟ್ ಚೆನ್ನಾಗಿ ಮಾಡ್ತಾರೆ, ಪ್ರೆಸೆಂಟೇಷನ್ ಚೆನ್ನಾಗಿ ಕೊಡ್ತಾರೆ, ತಿಂಗಳ ಕೊನೆ ರಾತ್ರಿ ಡಾಕ್‌ನಲ್ಲಿ (ಗಾಡಿ ತುಂಬೋ, ಇಳಿಸೋ ಜಾಗ) ನಿಂತು ಗೊತ್ತಿಲ್ಲ. ವೆಂಡರ್ ಟ್ರೈನಿಂಗ್ ಇದೆ, ಆದ್ರೆ ಅದು ಯಾವ ಬಟನ್ ಎಲ್ಲಿದೆ ಅನ್ನೋದರಲ್ಲೇ ಮುಗಿದು ಹೋಗುತ್ತೆ. ಎಚ್‌ಆರ್‌ನವರು ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್ ಕೋರ್ಸ್ ಮಾಡಿಸಿಬಿಡೋಣ ಅಂತಿದ್ದಾರೆ.

ನನಗೆ ಇರೋ ಆತಂಕ ಏನಂದ್ರೆ, ಸಾಫ್ಟ್‌ವೇರ್ ಬಂದ ಮೇಲೆ ಈ ಹಳಬರು ತಾವಾಗೇ ಮೂಲೆಗೆ ಸರೀತಾರೆ, ಅವರ ತಲೆಯಲ್ಲಿರೋದು ಅವರ ಜೊತೆಗೇ ಹೋಗಿಬಿಡುತ್ತೆ. ಹಾಗಾಗಬಾರದು. ನಿಜವಾಗ್ಲೂ ಏನು ಕಲಿಸಬೇಕು, ಯಾವ ಕ್ರಮದಲ್ಲಿ? ಈ ಕೆಲಸ ಮಾಡಿ ನೋಡಿದವರು ಹೇಳಿ, ಪ್ಲೀಸ್.

ರೋಲ್‌ಔಟ್ ತಂಡದವ:

ಸರ್, ನಾನು ಗೋಡೌನ್‌ಗಳಿಗೆ ಡಬ್ಲ್ಯೂಎಂಎಸ್ ಹಾಕಿಕೊಡೋ ಕೆಲಸದಲ್ಲೇ ಇರೋದು, ನೆಲಮಂಗಲ, ಹೊಸಕೋಟೆ, ಮಾಲೂರು ಕಡೆ ಬೇಕಾದಷ್ಟು ಗೋ-ಲೈವ್ (ಹೊಸ ಸಿಸ್ಟಮ್ ನಿಜವಾಗಿ ಶುರುವಾಗೋದು) ನೋಡಿದ್ದೀನಿ. ವೆಂಡರ್ ಟ್ರೈನಿಂಗ್ ಬೇಕು, ಅದನ್ನ ಬಿಡಬೇಡಿ. ಆದ್ರೆ ಮ್ಯಾನೇಜರ್‌ಗೆ ಅದಕ್ಕಿಂತ ಹೆಚ್ಚಾಗಿ ಬೇಕಾಗಿರೋದು ಸ್ಕ್ರೀನ್ ಮೇಲಿನ ಲೆಕ್ಕ ಮತ್ತು ರ‍್ಯಾಕ್‌ನಲ್ಲಿರೋ ಮಾಲು ಎಲ್ಲಿ ತಾಳೆ ಆಗಲ್ಲ, ಯಾಕೆ ಆಗಲ್ಲ ಅಂತ ಹುಡುಕೋ ಅಭ್ಯಾಸ.

ಒಂದು ಉದಾಹರಣೆ ಕೊಡ್ತೀನಿ. ಒಂದು ಸೋಪು ಸಿಸ್ಟಮ್ ಪ್ರಕಾರ ಎ-12 ಬಿನ್‌ನಲ್ಲಿ (ರ‍್ಯಾಕ್‌ನಲ್ಲಿ ನಂಬರ್ ಹಾಕಿದ ಜಾಗ) 480 ಪೆಟ್ಟಿಗೆ ಇದೆ ಅಂದ್ಕೊಳ್ಳಿ. ಅಲ್ಲಿ ಹೋಗಿ ನೋಡಿದ್ರೆ 240 ಇದೆ, ಉಳಿದ 240 ಸಿ-3ರಲ್ಲಿ ಕೂತಿದೆ. ಸ್ಟಾಕ್ ಎಣಿಸಿದವರು ಒಟ್ಟು ಕೂಡಿಸಿ ವ್ಯತ್ಯಾಸ ಸೊನ್ನೆ ಅಂತ ಬರೀತಾರೆ, ರಿಪೋರ್ಟ್‌ನಲ್ಲಿ ನೂರಕ್ಕೆ ನೂರು. ಪಿಕ್ ಮಾಡೋ ಹುಡುಗನಿಗೆ ಮಾತ್ರ ಎ-12ರಲ್ಲಿ ಮಾಲು ಸಿಗಲ್ಲ, ಹ್ಯಾಂಡ್‌ಹೆಲ್ಡ್‌ನಲ್ಲಿ ಶಾರ್ಟ್ ಅಂತ ಒತ್ತುತ್ತಾನೆ, ಆರ್ಡರ್ ಕಟ್ ಆಗಿ ಗಾಡಿ ಹೋಗುತ್ತೆ, ಮಾಲು ಗೋಡೌನ್‌ನಲ್ಲೇ ಇದ್ದೂ ಡಿಸ್ಟ್ರಿಬ್ಯೂಟರ್‌ಗೆ ಇಲ್ಲ. ಒಟ್ಟು ಲೆಕ್ಕದ ಸರಿ ಬೇರೆ, ಬಿನ್ ಪ್ರಕಾರದ ಸರಿ ಬೇರೆ, ಇಷ್ಟು ಅರ್ಥ ಆದ ಮ್ಯಾನೇಜರ್ ದಿನಾ ಸ್ವಲ್ಪ ಸ್ವಲ್ಪ ಬಿನ್ ಸೈಕಲ್ ಕೌಂಟ್ ಮಾಡಿಸ್ತಾನೆ, ವರ್ಷಕ್ಕೊಂದು ಸಲ ಶಟರ್ ಹಾಕಿ ಎಣಿಸೋವರೆಗೆ ಕಾಯಲ್ಲ.

ಇನ್ನೊಂದು ಎಲ್ಲಾ ಕಡೆ ನೋಡೋದು. ಮೇಲಿನ ರ‍್ಯಾಕ್ ಲೇಬಲ್ ಕೆಳಗಿಂದ ಸ್ಕ್ಯಾನ್ ಆಗಲ್ಲ ಅಂತ ಹುಡುಗರು ಬಿನ್ ಬಾರ್‌ಕೋಡೆಲ್ಲಾ ಜೆರಾಕ್ಸ್ ಮಾಡಿಸಿ, ಒಂದು ರಟ್ಟಿಗೆ ಅಂಟಿಸಿ ಫೋರ್ಕ್‌ಲಿಫ್ಟ್ ಸೀಟ್ ಪಕ್ಕ ಇಟ್ಕೊಂಡಿರ್ತಾರೆ. ಪ್ಯಾಲೆಟ್ ಎಲ್ಲಿ ಜಾಗ ಇದ್ಯೋ ಅಲ್ಲಿ ಇಡೋದು, ರಟ್ಟಿನ ಮೇಲಿನ ಕೋಡ್ ಸ್ಕ್ಯಾನ್ ಮಾಡೋದು. ಸಿಸ್ಟಮ್‌ಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಇದನ್ನ ಹಿಡಿಯೋದು ಹೇಗೆ ಅಂದ್ರೆ, ಪುಟ್‌ಅವೇ (ಬಂದ ಮಾಲನ್ನ ಬಿನ್‌ನಲ್ಲಿ ಇಡೋದು) ಎಂಟ್ರಿಗಳ ಟೈಮ್ ತೆಗೆದು ನೋಡಬೇಕು. ಒಂದೇ ನಿಮಿಷದಲ್ಲಿ ಬೇರೆ ಬೇರೆ ಸಾಲಿನ ನಾಲ್ಕೈದು ಬಿನ್ ಕನ್ಫರ್ಮ್ ಆಗಿದ್ರೆ ಯಾರೂ ಅಷ್ಟು ಜಾಗ ಸುತ್ತಿಲ್ಲ ಅಂತ ಅರ್ಥ. ಅದು ಗೊತ್ತಾದ ಮೇಲೆ ಹುಡುಗನಿಗೆ ಬೈದ್ರೆ ರಟ್ಟನ್ನ ಬೇರೆ ಕಡೆ ಬಚ್ಚಿಡ್ತಾನೆ ಅಷ್ಟೇ, ಲೇಬಲ್‌ಗಳನ್ನ ಕಣ್ಣಿನ ಎತ್ತರಕ್ಕೆ ತಂದು ರ‍್ಯಾಕ್‌ನ ಯಾವ ಅಂತಸ್ತಿಗೆ ಯಾವ ಬಣ್ಣ ಅಂತ ಮಾಡಿಕೊಡಬೇಕು, ಇಲ್ಲಾ ದೂರದಿಂದ ಓದೋ ಸ್ಕ್ಯಾನರ್ ಕೊಡಿಸಬೇಕು. ಟೈಮ್ ಡೇಟಾ ತೆಗೆಯೋದು ನಿಮ್ಮ ಎಂಬಿಎ ಹುಡುಗನಿಗೆ ಬರುತ್ತೆ, ಹುಡುಗರು ಹೀಗೆ ಯಾಕೆ ಮಾಡ್ತಾರೆ ಅನ್ನೋದು ನಿಮ್ಮ ಹಳೇ ಸೂಪರ್‌ವೈಸರ್‌ಗೆ ಗೊತ್ತಿರುತ್ತೆ. ಇಬ್ಬರನ್ನೂ ಒಂದೇ ಸಮಸ್ಯೆ ಮೇಲೆ ಕೂರಿಸಿ.

ಮಾಸ್ಟರ್ ಡೇಟಾ ಯಾರ ಜವಾಬ್ದಾರಿ ಅಂತ ಇವತ್ತೇ ತೀರ್ಮಾನ ಮಾಡಿ. ಪೆಟ್ಟಿಗೆ ಅಳತೆ, ತೂಕ, ಒಂದು ಪ್ಯಾಲೆಟ್‌ಗೆ ಎಷ್ಟು ಸಾಲು, ಎಕ್ಸ್‌ಪೈರಿ ನಿಯಮ. ಕಂಪನಿಯವರು ಪ್ಯಾಕಿಂಗ್ ಬದಲಾಯಿಸ್ತಾರೆ, ಯಾರೂ ಸಿಸ್ಟಮ್‌ನಲ್ಲಿ ಬದಲಾಯಿಸಲ್ಲ, ಸಿಸ್ಟಮ್ 1500 ಮಿಮೀ ಎತ್ತರದ ಜಾಗ ಕೊಡುತ್ತೆ, ಪ್ಯಾಲೆಟ್ ಕಟ್ಟಿದ್ರೆ 1600 ಆಗಿರುತ್ತೆ, ಒಳಗೆ ಹೋಗಲ್ಲ. ಗೋ-ಲೈವ್‌ಗೆ ಮುಂಚೆ ನಿಮ್ಮ ಮ್ಯಾನೇಜರ್‌ಗಳ ಕೈಗೆ ಟೇಪು, ತಕ್ಕಡಿ ಕೊಟ್ಟು ಹೆಚ್ಚು ಓಡೋ ಐಟಂಗಳನ್ನೆಲ್ಲ ಅಳೆಸಿ. ಕ್ಲಾಸ್ ರೂಮಿನಲ್ಲಿ ಕೂರಿಸೋದಕ್ಕಿಂತ ಜಾಸ್ತಿ ಅದರಲ್ಲಿ ಕಲೀತಾರೆ.

ಹುಬ್ಬಳ್ಳಿ ಗಾಡಿ:

ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಟ್ರಾನ್ಸ್‌ಪೋರ್ಟ್ ಲೈನ್‌ನಾಗ ಇದ್ದೇನ್ರಿ. ಮ್ಯಾಲಿನವ್ರು ಗೋಡೌನ್ ಒಳಗಿಂದ ಚಲೋ ಹೇಳ್ಯಾರ, ನಾ ಗೇಟ್ ದಾಟಿದ ಮ್ಯಾಲಿಂದ ಹೇಳ್ತೀನಿ.

ನಿಮ್ಮ ಮ್ಯಾನೇಜರ್‌ಗಳಿಗೆ ಇ-ವೇ ಬಿಲ್ (ಮಾಲು ಸಾಗಸಾಕ ಬೇಕಾಗೂ ಜಿಎಸ್‌ಟಿ ಆನ್‌ಲೈನ್ ಚೀಟಿ) ಅಂದ್ರ ಬಿಲ್ಲಿಂಗ್ ಹುಡುಗ ಮಾಡೂ ಕೆಲಸ ಅಂತ ಅನಸಬಾರದು. ರಾಜ್ಯದ ಒಳಗಿನ ಸಾಗಾಟಕ್ಕ ಇದನ್ನ ಎಲ್ಲಾರಕಿಂತ ಮೊದಲ ಶುರು ಮಾಡಿದ್ದ ಕರ್ನಾಟಕ, 2018ರ ಏಪ್ರಿಲ್ 1ಕ್ಕ, ಅದಕ್ಕೂ ಮೊದಲ ವ್ಯಾಟ್ ಕಾಲದಾಗ ನಮ್ಮಲ್ಲಿ ಇಂಥದ್ದ ಇ-ಸುಗಮ ಇತ್ತು. ಇಷ್ಟು ಹಳೇ ಸಂಗತಿ ಆದ್ರೂ ಇವತ್ತಿಗೂ ಗಾಡಿ ನಿಲ್ಲೂದು ಸಣ್ಣ ಸಣ್ಣ ಕಾರಣಕ್ಕ. 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಗಾಡಿ ದಾರ್ಯಾಗ ಕೆಟ್ಟು ಬ್ಯಾರೆ ಗಾಡಿಗೆ ಮಾಲು ಬದಲಿಸಿದ್ರ ಆ ಬಿಲ್ಲಿನ ಪಾರ್ಟ್ ಬಿ ಒಳಗ ಗಾಡಿ ನಂಬರ್ ತಿದ್ದಬೇಕು, ಅವಧಿ ಮುಗಿಯೂಕಿಂತ 8 ತಾಸು ಮೊದಲಿಂದ ಮುಗಿದ ಮ್ಯಾಲೆ 8 ತಾಸಿನ ತನಕ ಅಷ್ಟ ಮುಂದೂಡಾಕ ಬರ್ತದ. ರಾತ್ರಿ ಎರಡಕ್ಕ ಡ್ರೈವರ್ ಫೋನ್ ಮಾಡ್ತಾನ, ನಿಮ್ಮ ಕಡೆ ಲಾಗಿನ್ ಇದ್ದಾವ ಮನ್ಯಾಗ ಮಲಗಿರ್ತಾನ. ಹಿಡದ್ರ ದಂಡ ಟ್ಯಾಕ್ಸಿನ ಎರಡ ಪಟ್ಟು. ನೈಟ್ ಮ್ಯಾನೇಜರ್‌ಗೆ ಇದನ್ನ ಮಾಡಾಕ ಬರಲೇಬೇಕು, ಅಧಿಕಾರನೂ ಅವನ ಕಡೆ ಇರಬೇಕು.

ಎರಡನೇದು ಟ್ರ್ಯಾಕಿಂಗ್. ಗಾಡಿ ಮುಂಜಾನೆ ಆರಕ್ಕ ಪಾರ್ಟಿ ಗೇಟ್ ಮುಂದ ನಿಂತಿರ್ತದ. ಅವರು ಒಳಗ ಬಿಡೂದು ಮರುದಿನ, ಪಿಒಡಿ (ಮಾಲು ಮುಟ್ಟೇತಿ ಅನ್ನೂ ರಸೀದಿ) ಮ್ಯಾಲೆ ಸಿಕ್ಕಾ ಬೀಳೂದು ಮರುದಿನದ ತಾರೀಖಿಂದು. ನಿಮ್ಮ ಡ್ಯಾಶ್‌ಬೋರ್ಡ್ ಪಿಒಡಿ ತಾರೀಖು ಹಿಡಕೊಂಡು ಗಾಡಿ ಲೇಟ್ ಅಂತ ಕೆಂಪು ತೋರಸ್ತದ, ನಮ್ಮ ಬಿಲ್ಲಿನಾಗ ರೊಕ್ಕ ಕಟ್ ಮಾಡ್ತಾರ. ಜಿಪಿಎಸ್‌ನಾಗ ಗಾಡಿ ಎಷ್ಟಕ್ಕ ಮುಟ್ಟೇತಿ ಅನ್ನೂದು ಇದ್ದ ಇರ್ತದ್ರಿ, ನೋಡೂ ಮಂದಿ ಇಲ್ಲ. ಮುಟ್ಟಿದ ಹೊತ್ತು, ಒಳಗ ಬಿಟ್ಟ ಹೊತ್ತು, ಖಾಲಿ ಆದ ಹೊತ್ತು, ಇವು ಮೂರನ್ನೂ ಬ್ಯಾರೆ ಬ್ಯಾರೆ ಇಟ್ಟು ನೋಡಾಕ ಕಲಸ್ರಿ. ಆವಾಗ ತಪ್ಪು ಟ್ರಾನ್ಸ್‌ಪೋರ್ಟ್‌ನವಂದೋ ಪಾರ್ಟಿದೋ ತಿಳೀತದ, ಹಾಲ್ಟಿಂಗ್ ಚಾರ್ಜ್ (ಗಾಡಿ ಕಾಯಿಸಿದ್ದಕ್ಕ ಕೊಡೂ ರೊಕ್ಕ) ಜಗಳ ಅರ್ಧ ಕಡಿಮಿ ಆಗ್ತದ.

ಮತ್ತ ನಿಮ್ಮ ಎಂಬಿಎ ಹುಡುಗರನ್ನ ಒಂದೆರಡು ಸಲ ಗಾಡಿ ತುಂಬೂ ಮುಂದ ನಿಲ್ಲಸ್ರಿ. 32 ಫೀಟ್ ಗಾಡಿಗೆ ಬಿಸ್ಕೀಟ್ ಹೇರಿದ್ರ ಜಾಗ ಮುಗೀತದ, ತೂಕ ಆಗಂಗಿಲ್ಲ. ಎಣ್ಣಿ ಹೇರಿದ್ರ ಅರ್ಧ ಗಾಡಿ ಖಾಲಿ ಇದ್ದಾಗನ ಪಾಸಿಂಗ್ (ಹೇರಾಕ ಪರವಾನಗಿ ಇರೂ ತೂಕ) ಮುಗೀತದ. ಎರಡೂ ನಿಮ್ಮ ಗೋಡೌನ್‌ನಾಗ ಅದಾವ, ಒಂದ ಊರಿಗೆ ಹೋಗೂ ಮಾಲು, ಕೆಳಗ ಎಣ್ಣಿ ಮ್ಯಾಲೆ ಬಿಸ್ಕೀಟ್ ಹೊಂದಿಸಿದ್ರ ಗಾಡಿ ಬಾಡಿಗಿ ಎಷ್ಟೋ ಉಳೀತದ. ಲೋಡ್ ಪ್ಲಾನಿಂಗ್ ಸಾಫ್ಟ್‌ವೇರ್ ಮಾಡೂದೂ ಇದನ್ನ. ನಿಮ್ಮ ಹಳೇ ಮಂದಿಗೆ ಇದು ಮೊದಲ ಗೊತ್ತೈತಿ, ಅದನ್ನ ಅವರ ಬಾಯಿಂದನ ಆ ಹುಡುಗರು ಕೇಳಲಿ.

ಹಾಸನ ಕಾಫಿ ಕಂಟೇನರ್:

ನಿಮ್ಮದು ಲೋಕಲ್ ಡಿಸ್ಟ್ರಿಬ್ಯೂಷನ್, ನಮ್ಮದು ಹಾಸನದಿಂದ ಘಾಟ್ ಇಳಿದು ಮಂಗಳೂರು ಬಂದರಿಗೆ ಹೋಗೋ ಕಾಫಿ ಎಕ್ಸ್‌ಪೋರ್ಟ್, ಆದ್ರೂ ಒಂದೆರಡು ವಿಷಯ ನಿಮಗೂ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಟೆಕ್ನಾಲಜಿ ಕಲಿಸೋದು ಅಂದ್ರೆ ಟೆಕ್ನಾಲಜಿಗೆ ಗೊತ್ತಾಗದೇ ಇರೋದು ಯಾವುದು ಅಂತಾನೂ ಕಲಿಸಬೇಕು. 2024ರ ಜುಲೈ ಮಳೆಗೆ ಶಿರಾಡಿ ಘಾಟ್‌ನಲ್ಲಿ ಸಕಲೇಶಪುರದ ಹತ್ರ ದೊಡ್ಡತಪ್ಪಲು ಕಡೆ ಗುಡ್ಡ ಕುಸಿದು ಗಾಡಿ ನಿಂತಿದ್ದು ನೆನಪಿರಬೇಕು, ಅದೇ ತಿಂಗಳು ಎಡಕುಮೇರಿ ಕಡಗರವಳ್ಳಿ ಮಧ್ಯೆ ರೈಲು ಹಳಿ ಕೆಳಗೂ ಮಣ್ಣು ಜಾರಿ ಮಂಗಳೂರು ರೈಲೂ ಬಂದ್ ಆಗಿತ್ತು. ಅಂಥ ಟೈಮಲ್ಲಿ ಮ್ಯಾಪ್ ಚಾರ್ಮಾಡಿ ಕಡೆ ತೋರಿಸಬಹುದು, ಆದ್ರೆ ಅಲ್ಲಿ ದೊಡ್ಡ ಕಂಟೇನರ್ ಗಾಡಿ ಬಿಡಲ್ಲ. ಹಡಗಿನ ಕಟ್‌ಆಫ್, ಅಂದ್ರೆ ಕಂಟೇನರ್ ಬಂದರಿಗೆ ಮುಟ್ಟಿಸಬೇಕಾದ ಕೊನೇ ಹೊತ್ತು, ಯಾರಿಗೂ ಕಾಯಲ್ಲ. ಆಗ ಮ್ಯಾನೇಜರ್ ಆದವನು ಎಷ್ಟು ಕಂಟೇನರ್ ಈಗಾಗಲೇ ಘಾಟ್ ಕೆಳಗೆ ಇಳಿದಿದೆ, ಎಷ್ಟನ್ನ ಸಂಪಾಜೆ ಕಡೆ ತಿರುಗಿಸಬಹುದು, ಯಾವುದನ್ನ ಮುಂದಿನ ಹಡಗಿಗೆ ಹಾಕಬೇಕು, ಬಯರ್‌ಗೆ ಏನು ಬರೀಬೇಕು ಅನ್ನೋದನ್ನ ಒಂದೆರಡು ಗಂಟೆಯಲ್ಲಿ ತೀರ್ಮಾನ ಮಾಡಬೇಕು. ನಾವು ಮಳೆಗಾಲಕ್ಕೆ ಮುಂಚೆ ಇದನ್ನೇ ಅಭ್ಯಾಸ ಮಾಡಿಸ್ತೀವಿ, ಘಾಟ್ ಬಂದ್ ಅಂತ ಒಂದು ಕಾಲ್ಪನಿಕ ಸಂದರ್ಭ ಕೊಟ್ಟು, ನಿಜವಾದ ಶಿಪ್‌ಮೆಂಟ್ ಲಿಸ್ಟ್ ಮುಂದಿಟ್ಟು ಪ್ಲಾನ್ ಮಾಡಿ ಅಂತೀವಿ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗೋಕೆ ಶುರು ಮಾಡಿದಾಗ ಈ ಅಭ್ಯಾಸ ನಮಗೆ ಬಹಳ ಕೈ ಹಿಡೀತು.

ಇನ್ನೊಂದು ಟ್ರೇಸಬಿಲಿಟಿ, ಅಂದ್ರೆ ಮಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ತೋರಿಸೋಕೆ ಆಗೋದು. ಯುರೋಪಿನ ಕಾಡು ನಾಶ ತಡೆಯೋ ಕಾನೂನಿನಲ್ಲಿ ಕಾಫಿನೂ ಸೇರಿದೆ, ಯಾವ ತೋಟದ ಬೀಜ ಅಂತ ಜಾಗದ ಜಿಯೋ ಲೊಕೇಶನ್ ಕೊಡಬೇಕು, 4 ಹೆಕ್ಟೇರ್‌ಗಿಂತ ದೊಡ್ಡ ತುಂಡಾದ್ರೆ ಗಡಿ ಪೂರ್ತಿ ಗುರುತು ಮಾಡಬೇಕು. ಜಾರಿಯನ್ನ ಮುಂದಕ್ಕೆ ಹಾಕಿದ್ದಾರೆ, ಆದ್ರೂ ಬಯರ್‌ಗಳು ಈಗಲೇ ಕೇಳ್ತಾರೆ. 20 ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ ಹಿಡಿಯುತ್ತೆ. ಆ 320ರಲ್ಲಿ ಎಷ್ಟು ಸಣ್ಣ ಬೆಳೆಗಾರರ ಕಾಫಿ ಬೆರೆತಿದೆ ಅಂತ ಲಾಟ್ ಪ್ರಕಾರ ತೋರಿಸಬೇಕು ಅಂದ್ರೆ ಆ ದಾಖಲೆ ಗೋಡೌನ್ ಬಾಗಿಲಲ್ಲೇ, ಚೀಲ ಇಳಿಸುವಾಗಲೇ ಹುಟ್ಟಬೇಕು. ಆಮೇಲೆ ಆಫೀಸಲ್ಲಿ ಕೂತು ಹುಟ್ಟಿಸೋಕೆ ಆಗಲ್ಲ. ನಿಮ್ಮ ಬಿಸ್ಕತ್ತು, ಎಣ್ಣೆಗೂ ಬ್ಯಾಚ್ ವಾಪಸ್ ಕರೆಸ್ಕೊಳ್ಳೋ ದಿನ ಬಂದ್ರೆ ಇದೇ ಕಥೆ, ಯಾವ ಬ್ಯಾಚ್ ಯಾವ ಡಿಸ್ಟ್ರಿಬ್ಯೂಟರ್‌ಗೆ ಹೋಗಿದೆ ಅಂತ ನಿಮ್ಮ ಮ್ಯಾನೇಜರ್ ಹೇಳೋ ಹಾಗಿರಬೇಕು.

ನೈಟ್‌ಶಿಫ್ಟ್ ಅಕ್ಕ:

ಹೊಸಕೋಟೆ ಕಡೆ ಈ-ಕಾಮರ್ಸ್ ಗೋಡೌನ್‌ನಲ್ಲಿ ಶಿಫ್ಟ್ ಮ್ಯಾನೇಜರ್ ನಾನು. ಪ್ಯಾಕಿಂಗ್ ಟೇಬಲ್‌ನಿಂದ ಮೇಲೆ ಬಂದವಳು, ಹಾಗಾಗಿ ನಿಮ್ಮ ಹಳಬರ ಬಗ್ಗೆ ಓದ್ತಾ ಇದ್ದಾಗ ಬರೀಲೇಬೇಕು ಅನ್ನಿಸ್ತು ಅಣ್ಣ.

ಅವರಿಗೆ ಕಂಪ್ಯೂಟರ್ ಬರಲ್ಲ ಅನ್ನೋದಕ್ಕಿಂತ ಅವರನ್ನ ಕಂಪ್ಯೂಟರ್ ಮುಂದೆ ಯಾರೂ ಕೂರಿಸಿಲ್ಲ. ರಿಪೋರ್ಟ್ ಬೇಕು ಅಂದ್ರೆ ಎಂಐಎಸ್ (ರಿಪೋರ್ಟ್ ಮಾಡಿಕೊಡೋ ವಿಭಾಗ) ಹುಡುಗನಿಗೆ ಮೇಲ್ ಹಾಕು ಅಂತಾರೆ, ಅವನು ನಾಳೆ ಕೊಡ್ತಾನೆ, ನಾಳೆ ಹೊತ್ತಿಗೆ ಆ ಪ್ರಶ್ನೆನೇ ಹಳೇದಾಗಿರುತ್ತೆ. ನಾನು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಬೇಕಾದ್ದು ತೆಗೆಯೋ ಭಾಷೆ) ಕಲಿತಿದ್ದು ಹೇಗೆ ಅಂದ್ರೆ ನನ್ನ ಶಿಫ್ಟ್‌ನಲ್ಲಿ ಒಂದು ಜೋನ್ ಯಾವಾಗಲೂ ಹಿಂದೆ ಬೀಳ್ತಿತ್ತು, ಅಲ್ಲಿ ಹುಡುಗೀರು ಸೋಮಾರಿಗಳು ಅಂತ ಮೀಟಿಂಗ್‌ನಲ್ಲಿ ಹೇಳಿದ್ರು, ನನಗೆ ಅದು ಒಪ್ಪಿಗೆ ಆಗಲಿಲ್ಲ. ಪಕ್ಕದ ಟೀಮಿನ ಹುಡುಗನ ಹತ್ರ ಕೂತು ಡೇಟಾ ತೆಗೆಸಿ ನೋಡಿದ್ರೆ ಆ ಜೋನ್‌ಗೆ ಭಾರದ ಐಟಂ, ಹಿಟ್ಟಿನ ಚೀಲ, ಡಿಟರ್ಜೆಂಟ್, ಎಲ್ಲಾ ಹಾಕಿದ್ರು, ಬೇರೆ ಜೋನ್‌ನವರು ಲಿಪ್‌ಸ್ಟಿಕ್, ಮೊಬೈಲ್ ಕವರ್ ಪಿಕ್ ಮಾಡ್ತಿದ್ರು. ಗಂಟೆಗೆ ಎಷ್ಟು ಪಿಕ್ ಅನ್ನೋ ಒಂದೇ ನಂಬರ್‌ನಲ್ಲಿ ಇಬ್ಬರನ್ನೂ ಅಳೀತಿದ್ರು. ತೂಕ, ನಡೆಯೋ ದೂರ ಎರಡೂ ಸೇರಿಸಿ ಇನ್ನೊಂದು ಶೀಟ್ ಮಾಡಿ ತೋರಿಸಿದ ಮೇಲೆ ಭಾರದ ಐಟಂಗಳನ್ನ ಪ್ಯಾಕಿಂಗ್ ಹತ್ರ ಕೆಳಗಿನ ಸಾಲಿಗೆ ತಂದ್ರು. ಆಮೇಲೆ ನಾನೇ ಸೆಲೆಕ್ಟ್, ವೇರ್, ಗ್ರೂಪ್ ಬೈ, ಜಾಯಿನ್ ಅಂತ ಒಂದೊಂದೇ ಕಲಿತೆ, ದಿನದ ಕೆಲಸಕ್ಕೆ ಬೇಕಾಗೋದು ಹೆಚ್ಚುಕಮ್ಮಿ ಅಷ್ಟೇ. ನಿಮ್ಮವರಿಗೆ ಮೊದಲು ಎಕ್ಸೆಲ್‌ನಲ್ಲೇ ಇರೋ ಪಿವೋಟ್ ಟೇಬಲ್, ಆಮೇಲೆ ಪವರ್ ಕ್ವೆರಿ, ಆಸಕ್ತಿ ಇದ್ದವರಿಗೆ ಎಸ್‌ಕ್ಯೂಎಲ್. ಆದ್ರೆ ಪುಸ್ತಕದ ಉದಾಹರಣೆ ಕೊಟ್ಟು ಕಲಿಸಬೇಡಿ, ಅವರಿಗೆ ದಿನಾ ಕಾಡೋ ಪ್ರಶ್ನೆ ಯಾವುದು ಅಂತ ಕೇಳಿ, ಅದರ ಉತ್ತರ ಅವರೇ ತೆಗೆಯೋವರೆಗೆ ಪಕ್ಕದಲ್ಲಿ ಯಾರಾದ್ರೂ ಕೂರಲಿ.

ಎಐ ಚಾಟ್ ಟೂಲ್‌ಗಳ ಬಗ್ಗೆ ಯಾರೂ ಬರೆದಿಲ್ಲ. ಫಾರ್ಮುಲಾ ಕೇಳೋಕೆ, ಕ್ವೆರಿ ಬರೆಸೋಕೆ ತುಂಬಾ ಚೆನ್ನಾಗಿದೆ, ಕನ್ನಡದಲ್ಲಿ ಕೇಳಿದ್ರೂ ಅರ್ಥ ಮಾಡ್ಕೊಳ್ಳುತ್ತೆ, ಇಂಗ್ಲಿಷ್ ಭಯ ಇರೋರಿಗೆ ಇದು ದೊಡ್ಡ ಸಹಾಯ. ಎರಡು ಕಟ್ಟುನಿಟ್ಟು ಇಡಿ. ಕಸ್ಟಮರ್ ಹೆಸರು, ಫೋನ್ ನಂಬರ್, ಕಂಪನಿ ರೇಟ್ ಇರೋ ಶೀಟ್ ಅದರಲ್ಲಿ ಹಾಕೋ ಹಾಗಿಲ್ಲ. ಬಂದ ಉತ್ತರವನ್ನ ಗೊತ್ತಿರೋ ಒಂದು ಹಳೇ ದಿನದ ಲೆಕ್ಕಕ್ಕೆ ಹಚ್ಚಿ ತಾಳೆ ನೋಡದೇ ಬಳಸೋ ಹಾಗಿಲ್ಲ.

ಇನ್ನು ಹ್ಯಾಂಡ್‌ಹೆಲ್ಡ್ ಬಂದ ಮೇಲೆ ಪ್ರತಿಯೊಬ್ಬರ ಪ್ರತಿ ನಿಮಿಷ ಸಿಸ್ಟಮ್‌ನಲ್ಲಿ ಕಾಣುತ್ತೆ. ಅದನ್ನ ಮ್ಯಾನೇಜರ್ ಹೇಗೆ ಬಳಸ್ತಾನೆ ಅನ್ನೋದರ ಮೇಲೆ ಫ್ಲೋರ್ ನಿಲ್ಲುತ್ತೆ. ಬಾತ್‌ರೂಮಿಗೆ ಹೋದ ನಿಮಿಷ ಎಣಿಸೋಕೆ ಶುರು ಮಾಡಿದ್ರೆ ಒಳ್ಳೇ ಕೆಲಸಗಾರರು ಪಕ್ಕದ ಗೋಡೌನ್‌ಗೆ ಹೋಗ್ತಾರೆ, ನಮ್ಮ ಕಡೆ ಗೋಡೌನ್‌ಗೆ ಬರ ಇಲ್ಲ. ಇದನ್ನೂ ಟ್ರೈನಿಂಗ್‌ನಲ್ಲಿ ಮಾತಾಡಿ, ಯಾವ ನಂಬರ್ ನೋಡಿ ಯಾರ ಜೊತೆ ಏನು ಮಾತಾಡಬೇಕು ಅನ್ನೋದನ್ನ.

ಕಾಮರ್ಸ್ ಮೇಷ್ಟ್ರು:

ನಾನು ಕಾಲೇಜಿನಲ್ಲಿ ಬಿಬಿಎ ಲಾಜಿಸ್ಟಿಕ್ಸ್ ಮಕ್ಕಳಿಗೆ ಪಾಠ ಮಾಡ್ತೀನಿ. ಸರ್ಟಿಫಿಕೇಟ್ ವಿಷಯಕ್ಕೆ ಮಾತ್ರ ಬರ್ತೀನಿ, ಎಚ್‌ಆರ್‌ನವರನ್ನ ಪೂರ್ತಿ ತಳ್ಳಿಹಾಕಬೇಡಿ. ಗೋಡೌನ್‌ನಲ್ಲೇ ಬೆಳೆದವರಿಗೆ ತಮ್ಮ ಗೋಡೌನ್ ಗೊತ್ತಿರುತ್ತೆ, ಸೇಫ್ಟಿ ಸ್ಟಾಕ್ (ಕಷ್ಟಕ್ಕಿರಲಿ ಅಂತ ಇಡೋ ಹೆಚ್ಚುವರಿ ಮಾಲು) ಯಾಕೆ ಇಷ್ಟೇ, ಡಿಮಾಂಡ್ ಏರುಪೇರು, ಲೀಡ್ ಟೈಮ್ (ಆರ್ಡರ್ ಕೊಟ್ಟು ಮಾಲು ಬರೋವರೆಗಿನ ಸಮಯ) ಎರಡೂ ಸೇರಿ ಸ್ಟಾಕ್ ಎಷ್ಟು ಜಾಸ್ತಿ ಮಾಡುತ್ತೆ, ಇದು ಅನುಭವದಿಂದ ತಾನಾಗೇ ಬರಲ್ಲ, ಯಾರಾದ್ರೂ ಕೂತು ಕಲಿಸಬೇಕು.

ದುಡ್ಡು ಖರ್ಚಿಲ್ಲದೆ ಶುರು ಮಾಡೋಕೆ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣದಲ್ಲಿ ಐಐಟಿ ಪ್ರೊಫೆಸರ್‌ಗಳ ಸಪ್ಲೈ ಚೈನ್ ಪಾಠಗಳಿವೆ, ನೋಡೋದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದ್ರೆ ಮಾತ್ರ ಫೀಸು. ಎಂಐಟಿಯವರ ಸಪ್ಲೈ ಚೈನ್ ಮೈಕ್ರೋಮಾಸ್ಟರ್ಸ್ ಆನ್‌ಲೈನ್‌ನಲ್ಲಿದೆ, ಒಟ್ಟು ಐದು ಕೋರ್ಸು, ಮೊದಲನೇದೇ ಅನಲಿಟಿಕ್ಸ್, ಅದು ಗಣಿತ ಜಾಸ್ತಿ ಕೇಳುತ್ತೆ, ನಿಮ್ಮ ಎಂಬಿಎ ಹುಡುಗರಿಗೆ ಸರಿ. ಎಎಸ್‌ಸಿಎಂ ಅನ್ನೋ ಸಂಸ್ಥೆ, ಅಂದ್ರೆ ಹಿಂದೆ ಎಪಿಐಸಿಎಸ್ ಅಂತಿದ್ದರಲ್ಲ ಅವರ ಸಿಎಲ್‌ಟಿಡಿ ಸರ್ಟಿಫಿಕೇಟ್ ಲಾಜಿಸ್ಟಿಕ್ಸ್‌ಗೇ ಇರೋದು, ಎಂಎನ್‌ಸಿಗಳಲ್ಲಿ ಬೆಲೆ ಇದೆ, ಆದ್ರೆ ಫೀಸು ಜಾಸ್ತಿ, ಒಬ್ಬರಿಗೋ ಇಬ್ಬರಿಗೋ ಮಾತ್ರ ಯೋಚಿಸಿ. ಸೂಪರ್‌ವೈಸರ್ ಮಟ್ಟದವರಿಗೆ ಲಾಜಿಸ್ಟಿಕ್ಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಕೋರ್ಸುಗಳಿವೆ. ಮುಂದಕ್ಕೆ ಹೊಸಬರನ್ನ ತಗೋಬೇಕಾದಾಗ ವಡೋದರಾದ ಗತಿ ಶಕ್ತಿ ವಿಶ್ವವಿದ್ಯಾಲಯ ಕೂಡ ನೋಡಿ, ಸಾರಿಗೆ ಮತ್ತು ಲಾಜಿಸ್ಟಿಕ್ಸ್‌ಗೇ ಅಂತ ಇರೋ ಕೇಂದ್ರೀಯ ವಿಶ್ವವಿದ್ಯಾಲಯ ಅದು.

ದಾಬಸ್‌ಪೇಟೆಯಲ್ಲಿ ಇರೋದರಿಂದ ಒಂದು ಮಾತು. ನಿಮ್ಮ ಹತ್ರಾನೇ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಮಲ್ಟಿ ಮೋಡಲ್ ಲಾಜಿಸ್ಟಿಕ್ಸ್ ಪಾರ್ಕ್ ಯೋಜನೆ ಇದೆ, ರೈಲು ಹೈವೇ ಎರಡೂ ಸೇರೋ ಜಾಗ. ಇಲ್ಲಿವರೆಗೆ ಬರೀ ರೋಡ್ ನೋಡಿಕೊಂಡಿದ್ದ ಮ್ಯಾನೇಜರ್‌ಗೆ ರೈಲ್ವೆ ರೇಕ್ (ಒಂದು ಪೂರ್ತಿ ಗೂಡ್ಸ್ ರೈಲಿನ ವ್ಯಾಗನ್‌ಗಳು), ಕಂಟೇನರ್ ಲೆಕ್ಕ ಗೊತ್ತಿದ್ರೆ ಮುಂದೆ ಕೆಲಸಕ್ಕೆ ಬರುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ ನ್ಯಾಷನಲ್ ಲಾಜಿಸ್ಟಿಕ್ಸ್ ಪಾಲಿಸಿ ಜೊತೆ ಯೂಲಿಪ್ ಅಂತ ಒಂದು ಪ್ಲಾಟ್‌ಫಾರ್ಮ್ ಬಂತು, ವಾಹನ್ (ಗಾಡಿ ನೋಂದಣಿ), ಫಾಸ್ಟ್ಯಾಗ್, ರೈಲ್ವೆ, ಕಸ್ಟಮ್ಸ್ ಡೇಟಾ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ತಗೊಳ್ಳೋ ದಾರಿ) ಮೂಲಕ ಸಿಗುತ್ತೆ. ನಿಮ್ಮ ಟ್ರ್ಯಾಕಿಂಗ್ ವೆಂಡರ್ ಅದನ್ನ ಬಳಸ್ತಾರಾ ಕೇಳಿ, ಗಾಡಿ ಯಾವ ಟೋಲ್ ಯಾವಾಗ ದಾಟ್ತು ಅಂತ ಡ್ರೈವರ್ ಫೋನ್ ಆಫ್ ಇದ್ರೂ ಗೊತ್ತಾಗುತ್ತೆ.

ನೈಟ್‌ಶಿಫ್ಟ್ ಅಕ್ಕ:

ಮೇಷ್ಟ್ರೇ, ಕೋರ್ಸ್ ಬೇಡ ಅಂತ ನಾನೂ ಹೇಳಲ್ಲ, ಆದ್ರೆ ಡ್ಯೂಟಿ ಮುಗಿಸಿ ಮನೆಗೆ ಹೋಗಿ ರಾತ್ರಿ ವಿಡಿಯೋ ನೋಡಿ ಅಂದ್ರೆ ನಡೆಯಲ್ಲ. ನನಗೆ ಮನೇಲಿ ಮಕ್ಕಳ ಊಟ, ಹೋಂವರ್ಕ್ ಎಲ್ಲಾ ಇತ್ತು, ಆಫೀಸ್ ಟೈಮಲ್ಲೇ ಕಲಿಯೋಕೆ ಬಿಟ್ಟಿದ್ದಕ್ಕೆ ಕಲಿಯೋಕಾಯ್ತು. ಕಲಿಯೋ ಗಂಟೆನ ರೋಸ್ಟರ್‌ನಲ್ಲೇ ಹಾಕಿ, ಆ ಹೊತ್ತಿಗೆ ಅವರ ಜಾಗಕ್ಕೆ ಬೇರೆಯವರನ್ನ ಹಾಕಿ. ರೋಸ್ಟರ್‌ನಲ್ಲಿ ಇಲ್ಲದ ಟ್ರೈನಿಂಗ್ ಮೊದಲನೇ ರಶ್‌ಗೇ ನಿಂತು ಹೋಗುತ್ತೆ.

ದಾಬಸ್‌ಪೇಟೆ ಡಾಕ್:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರಾದ್ರೂ ಬರೀತಾರೆ ಅಂತ ಅಂದ್ಕೊಂಡಿರಲಿಲ್ಲ. ಇವತ್ತು ಮ್ಯಾನೇಜ್‌ಮೆಂಟ್ ಜೊತೆ ಕೂತಿದ್ದೆ. ಹೆಚ್ಚು ಓಡೋ ಐಟಂಗಳ ಅಳತೆ ಮುಂದಿನ ವಾರದಿಂದ ಶುರು, ಒಬ್ಬ ಹಳಬರು ಒಬ್ಬ ಹೊಸಬ ಜೋಡಿ ಮಾಡಿ ಬಿಡ್ತಿದ್ದೀನಿ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ನೈಟ್ ಮ್ಯಾನೇಜರ್‌ಗೆ ಇ-ವೇ ಬಿಲ್ ಲಾಗಿನ್ ಕೊಡೋಕೆ ಅಕೌಂಟ್ಸ್‌ನವರು ಒಪ್ಪಿದ್ರು, ಅದಕ್ಕೇ ಸ್ವಲ್ಪ ಜಗ್ಗಾಟ ಆಯ್ತು. ರೋಸ್ಟರ್‌ನಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಕಲಿಕೆಗೆ ಅಂತ ತೆಗೆದಿಟ್ಟಿದ್ದೀನಿ. ಎಂಬಿಎ ಹುಡುಗರಿಗೆ ತಿಂಗಳ ಕೊನೆ ವಾರ ಡಾಕ್ ಡ್ಯೂಟಿ.

ಒಂದು ಪ್ರಶ್ನೆ ಉಳೀತು. ನಮ್ಮ ಲೋಡರ್‌ಗಳಲ್ಲಿ ಅರ್ಧ ಜನ ರಾಯಚೂರು, ಯಾದಗಿರಿ ಕಡೆಯವರು, ಉಳಿದವರು ಬಿಹಾರ, ಒಡಿಶಾದವರು. ಹ್ಯಾಂಡ್‌ಹೆಲ್ಡ್ ಸ್ಕ್ರೀನ್ ಪೂರ್ತಿ ಇಂಗ್ಲಿಷ್. ವೆಂಡರ್ ಕನ್ನಡ ಹಾಕಿಕೊಡೋದು ಕಷ್ಟ ಅಂತಿದ್ದಾರೆ. ಮ್ಯಾನೇಜರ್‌ಗಳು ಇದನ್ನ ಹೇಗೆ ನಿಭಾಯಿಸಬೇಕು?

ರೋಲ್‌ಔಟ್ ತಂಡದವ:

ಕಷ್ಟ ಏನಿಲ್ಲ ಸರ್, ಹ್ಯಾಂಡ್‌ಹೆಲ್ಡ್‌ಗಳು ಈಗ ಬಹುತೇಕ ಆಂಡ್ರಾಯ್ಡ್, ಕನ್ನಡ, ಹಿಂದಿ, ಒಡಿಯಾ ಅಕ್ಷರ ಎಲ್ಲಾ ಬರುತ್ತೆ. ವೆಂಡರ್‌ಗೆ ಕಷ್ಟ ಅನ್ನಿಸೋದು ಅನುವಾದ ಮಾಡೋ ಜನ ಇಲ್ಲ ಅಂತ. ಅದನ್ನ ನೀವೇ ಮಾಡಿಕೊಡಿ. ಪಿಕ್, ಪುಟ್‌ಅವೇ, ಕೌಂಟ್, ಈ ಮೂರರ ಸ್ಕ್ರೀನ್‌ನಲ್ಲಿ ಬರೋ ಮೆಸೇಜ್ ಪಟ್ಟಿ ಎಕ್ಸೆಲ್‌ನಲ್ಲಿ ಕೇಳಿ ಪಡೀರಿ, ಪಕ್ಕದ ಕಾಲಂನಲ್ಲಿ ನಿಮ್ಮ ಹಳೇ ಸೂಪರ್‌ವೈಸರ್‌ಗಳು ಫ್ಲೋರ್‌ನಲ್ಲಿ ಏನಂತಾರೋ ಅದನ್ನೇ ಬರೀಲಿ, ಗ್ರಂಥದ ಕನ್ನಡ ಬೇಡ. ಎರರ್ ಮೆಸೇಜ್‌ಗಳನ್ನ ಮೊದಲು ಮಾಡಿ, ಯಾಕಂದ್ರೆ ಹುಡುಗ ಗೊಂದಲ ಆಗಿ ಸಿಕ್ಕಿದ್ದು ಒತ್ತೋದು ಅಲ್ಲೇ. ಹಿಂದಿ ಕಾಲಂ ನಿಮ್ಮ ಬಿಹಾರದ ಹುಡುಗರಲ್ಲಿ ಓದಿಕೊಂಡಿರೋ ಒಬ್ಬರ ಹತ್ರ ಬರೆಸಿ, ಒಡಿಯಾದವರು ಹಿಂದಿ ಸಾಕು ಅಂತಾರಾ ಅಂತಾನೂ ಕೇಳಿ ನೋಡಿ. ಜೊತೆಗೆ ತಪ್ಪು ಬಿನ್ ಸ್ಕ್ಯಾನ್ ಆದಾಗ ಬೇರೆ ಸೌಂಡ್, ವೈಬ್ರೇಷನ್ ಇಡಿಸಿ, ಓದೋಕೆ ಬರದವರಿಗೂ ಅದು ಗೊತ್ತಾಗುತ್ತೆ. ಗೋ-ಲೈವ್ ಕಾಂಟ್ರ್ಯಾಕ್ಟ್‌ಗೆ ಸೈನ್ ಆಗಿಲ್ಲ ಅಂದ್ರೆ ಈಗಲೇ ಇದನ್ನ ಸ್ಕೋಪ್‌ಗೆ ಸೇರಿಸಿ, ಸೈನ್ ಆದ ಮೇಲೆ ಪ್ರತಿಯೊಂದಕ್ಕೂ ಚೇಂಜ್ ರಿಕ್ವೆಸ್ಟ್ ಅಂತ ಬಿಲ್ ಹಾಕ್ತಾರೆ.